ಎರೆಯ ಕಪ್ಪನ್ನು ಇಂಗಾಲವೆಂದು ಓದಿದ ನಕ್ಷೆ: ವಿಮಾನ ಸಮೀಕ್ಷೆಯೊಂದರ ಪ್ರಕರಣ ಅಧ್ಯಯನ

ದಕ್ಷಿಣ ಕರ್ನಾಟಕದ ಒಂದು ಮಳೆಯಾಶ್ರಿತ ಜಲಾನಯನದಲ್ಲಿ ತಂಡವೊಂದು ವಿಮಾನದಿಂದ ತೆಗೆದ ಹೈಪರ್‌ಸ್ಪೆಕ್ಟ್ರಲ್ (ಬೆಳಕನ್ನು ನೂರಾರು ಕಿರಿದಾದ ಪಟ್ಟಿಗಳಾಗಿ ಬಿಡಿಸಿ ಅಳೆಯುವ) ಚಿತ್ರಗಳನ್ನು ಬಳಸಿ ಹೊಲಗಳ ಸಾವಯವ ವಸ್ತುವನ್ನು ಅಂದಾಜು ಮಾಡಲು ಹೊರಟಿತ್ತು. ಆ ತಂಡದಲ್ಲಿ ಮಣ್ಣಿನ ಮಾದರಿ ಸಂಗ್ರಹ ಮತ್ತು ರೈತರೊಡನೆ ಮಾತುಕತೆಯ ಹೊಣೆ ನನ್ನದಾಗಿತ್ತು. ಊರು, ಸಂಸ್ಥೆ, ವ್ಯಕ್ತಿಗಳ ಹೆಸರುಗಳನ್ನು ಇಲ್ಲಿ ಬಿಟ್ಟಿದ್ದೇನೆ. ಗುರುತು ಹಿಡಿಯಲು ನೆರವಾಗುವ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತಂಡ ಎದುರಿಸಿದ ತೊಡಕುಗಳೂ ತೆಗೆದುಕೊಂಡ ತೀರ್ಮಾನಗಳೂ ಇದ್ದಂತೆಯೇ ಇವೆ. ಡ್ರೋನ್, ವಿಮಾನ, ಉಪಗ್ರಹ ಎಂದು ಮಣ್ಣನ್ನು ಮೇಲಿನಿಂದ ಅಳೆಯುವ ಯೋಜನೆಗಳು ಈಗ ಎಲ್ಲೆಡೆ ಹುಟ್ಟಿಕೊಳ್ಳುತ್ತಿವೆ. ಅವುಗಳ ನಕ್ಷೆಗಳನ್ನು ನಂಬಿ ಗೊಬ್ಬರ ಹಂಚುವವರಿಗೂ ಹಣ ಹೂಡುವವರಿಗೂ ಈ ಅನುಭವ ತಲುಪಬೇಕೆಂಬುದು ನನ್ನ ಆಸೆ.

ಹಿನ್ನೆಲೆ

ಆ ಸೀಮೆಯಲ್ಲಿ ಮಣ್ಣು ಎರಡು ಬಗೆ. ದಿಣ್ಣೆ ಮತ್ತು ಇಳಿಜಾರಿನಲ್ಲಿ ಕೆಂಪು ಮಣ್ಣು. ಕೆಲವು ಕಡೆ ಗರಸು ಹೆಚ್ಚು, ಆಳ ಕಡಿಮೆ. ಹಳ್ಳದ ಎರಡೂ ದಂಡೆಯ ತಗ್ಗಿನಲ್ಲಿ ಎರೆ, ಅಂದರೆ ಕಪ್ಪು ಮಣ್ಣು. ಕೆಂಪು ಹೊಲಗಳಲ್ಲಿ ರಾಗಿ, ಹುರುಳಿ, ನೆಲಗಡಲೆ. ಎರೆಯಲ್ಲಿ ಜೋಳ, ಹತ್ತಿ, ಸೂರ್ಯಕಾಂತಿ, ಕಡಲೆ. ಕೊಳವೆ ಬಾವಿ ಇದ್ದವರು ಎರಡೂ ಮಣ್ಣಿನಲ್ಲಿ ಅರಿಶಿನ ಮತ್ತು ಸಣ್ಣ ಈರುಳ್ಳಿ ಬೆಳೆಯುತ್ತಾರೆ. ಹಿಡುವಳಿಗಳು ಚಿಕ್ಕವು. ಒಂದು ಬದುವಿನ ಆಚೆ ಈಚೆ ಇರುವ ಎರಡು ಹೊಲಗಳು ಮೂವತ್ತು ವರ್ಷಗಳಿಂದ ಬೇರೆ ಬೇರೆ ಕೈಗಳಲ್ಲಿ, ಬೇರೆ ಬೇರೆ ಆರೈಕೆಯಲ್ಲಿ ಬೆಳೆದಿರುತ್ತವೆ.

ಅಲ್ಲಿನ ರೈತ ಉತ್ಪಾದಕರ ಕಂಪನಿಯೊಂದು ಮಾರುಕಟ್ಟೆಯ ತರಕಾರಿ ತ್ಯಾಜ್ಯ ಮತ್ತು ಸಗಣಿಯಿಂದ ಕಾಂಪೋಸ್ಟ್ ತಯಾರಿಸಲು ಶುರುಮಾಡಿತ್ತು. ತಯಾರಾಗುತ್ತಿದ್ದುದು ಸದಸ್ಯರೆಲ್ಲರಿಗೆ ಸಾಲುವಷ್ಟಲ್ಲ. ಯಾರಿಗೆ ಮೊದಲು ಕೊಡಬೇಕು ಎಂಬ ಪ್ರಶ್ನೆ ಎದ್ದಾಗ, ಮಣ್ಣಿನಲ್ಲಿ ಸಾವಯವ ಇಂಗಾಲ ಅತಿ ಕಡಿಮೆ ಇರುವ ಹೊಲಗಳಿಗೆ ಎಂದು ನಿರ್ದೇಶಕ ಮಂಡಳಿ ತೀರ್ಮಾನಿಸಿತು. ನ್ಯಾಯವಾದ ತೀರ್ಮಾನ. ಆದರೆ ಯಾವ ಹೊಲದಲ್ಲಿ ಎಷ್ಟಿದೆ ಎಂದು ತಿಳಿಯುವುದು ಹೇಗೆ?

ಸದಸ್ಯರ ಬಳಿ ಮಣ್ಣು ಆರೋಗ್ಯ ಚೀಟಿಗಳಿದ್ದವು. 2015ರ ಫೆಬ್ರವರಿಯಲ್ಲಿ ಆರಂಭವಾದ ಆ ಯೋಜನೆಯಲ್ಲಿ ನೀರಾವರಿ ಭೂಮಿಯಾದರೆ 2.5 ಹೆಕ್ಟೇರಿಗೆ, ಮಳೆಯಾಶ್ರಿತ ಭೂಮಿಯಾದರೆ 10 ಹೆಕ್ಟೇರಿಗೆ ಒಂದು ಮಾದರಿ ತೆಗೆಯುವ ಕ್ರಮವಿತ್ತು. ಹತ್ತು ಹೆಕ್ಟೇರ್ ಎಂದರೆ ಈ ಊರಿನಲ್ಲಿ ಹಲವು ಕುಟುಂಬಗಳ ಜಮೀನು. ಅಷ್ಟೂ ಜನರ ಚೀಟಿಯಲ್ಲಿ ಒಂದೇ ಅಂಕಿ ಅಚ್ಚಾಗಿತ್ತು. ಸಾವಯವ ಇಂಗಾಲ ಶೇ 0.5ಕ್ಕಿಂತ ಕಡಿಮೆ ಇದ್ದರೆ ‘ಕಡಿಮೆ’, 0.5ರಿಂದ 0.75ರವರೆಗೆ ‘ಮಧ್ಯಮ’, ಅದಕ್ಕಿಂತ ಮೇಲಾದರೆ ‘ಹೆಚ್ಚು’ ಎಂಬುದು ನಮ್ಮ ಪ್ರಯೋಗಾಲಯಗಳಲ್ಲಿ ರೂಢಿಯಲ್ಲಿರುವ ವರ್ಗೀಕರಣ. ಬಹುತೇಕ ಚೀಟಿಗಳು ‘ಕಡಿಮೆ’ ಎಂದೇ ಹೇಳುತ್ತಿದ್ದವು. ಎಲ್ಲರೂ ಕಡಿಮೆ ಎಂದ ಮೇಲೆ ಸರದಿ ಮಾಡುವುದು ಸಾಧ್ಯವಿರಲಿಲ್ಲ.

ಇದೇ ಹೊತ್ತಿಗೆ ನಮ್ಮ ಸಂಶೋಧನಾ ತಂಡಕ್ಕೆ ಆ ಜಲಾನಯನದ ಮೇಲೆ ವಿಮಾನ ಹಾರಿಸುವ ಅವಕಾಶ ಸಿಕ್ಕಿತು. ಭಾರತದಲ್ಲಿ ಈ ಬಗೆಯ ಕೆಲಸಕ್ಕೆ ದೊಡ್ಡ ಚಾಲನೆ ದೊರೆತದ್ದು 2015ರ ಡಿಸೆಂಬರ್‌ನಿಂದ 2016ರ ಮಾರ್ಚ್‌ವರೆಗೆ ಇಸ್ರೋ ಮತ್ತು ನಾಸಾ ಒಟ್ಟಾಗಿ ನಡೆಸಿದ ಅವಿರಿಸ್-ಎನ್‌ಜಿ ಎಂಬ ಸಂವೇದಕದ ಹಾರಾಟಗಳಿಂದ. ಇಸ್ರೋದ ಬಿ-200 ವಿಮಾನದಲ್ಲಿ ಕೂರಿಸಿದ ಆ ಸಂವೇದಕ 380ರಿಂದ 2,510 ನ್ಯಾನೋಮೀಟರ್‌ವರೆಗಿನ ಬೆಳಕನ್ನು ಸುಮಾರು 5 ನ್ಯಾನೋಮೀಟರ್ ಅಂತರದಲ್ಲಿ ನಾನೂರಕ್ಕೂ ಹೆಚ್ಚು ಪಟ್ಟಿಗಳಾಗಿ ಅಳೆಯುತ್ತದೆ. ನೆಲದ ಮೇಲಿನ ಕೆಲವೇ ಮೀಟರ್ ಅಗಲದ ಪ್ರತಿಯೊಂದು ಚೌಕಕ್ಕೂ ಒಂದು ಪೂರ್ಣ ರೋಹಿತ, ಅಂದರೆ ಯಾವ ಪಟ್ಟಿಯ ಬೆಳಕು ಎಷ್ಟು ಪ್ರತಿಫಲಿಸಿತು ಎಂಬ ವಿವರ, ಸಿಗುತ್ತದೆ. ನಮ್ಮ ತಂಡ ಬಳಸಿದ್ದೂ ಇದೇ ಜಾತಿಯ ಸಂವೇದಕವನ್ನು.

ಸಾವಯವ ವಸ್ತು ಮೇಲಿನಿಂದ ಕಾಣುವುದು ಹೇಗೆ?

ಹ್ಯೂಮಸ್, ಅಂದರೆ ಕೊಳೆತು ಮಣ್ಣಿನಲ್ಲಿ ಬೆರೆತ ಸಾವಯವ ವಸ್ತು, ಬೆಳಕನ್ನು ಹೀರಿಕೊಳ್ಳುತ್ತದೆ. ಅದು ಹೆಚ್ಚಿದಂತೆ ಮಣ್ಣು ಕಪ್ಪಾಗುತ್ತದೆ; ವಿಶೇಷವಾಗಿ ಕಣ್ಣಿಗೆ ಕಾಣುವ ಬೆಳಕಿನ ವ್ಯಾಪ್ತಿಯಲ್ಲಿ ಪ್ರತಿಫಲನ ಇಳಿಯುತ್ತದೆ. ಕಣ್ಣಿಗೆ ಕಾಣದ ಕಿರುತರಂಗ ಅವಕೆಂಪು ಭಾಗದಲ್ಲೂ ಸಾವಯವ ಅಣುಗಳ ಬಂಧಗಳು ಅಲ್ಲಲ್ಲಿ ಸಣ್ಣ ತಗ್ಗುಗಳನ್ನು ಮೂಡಿಸುತ್ತವೆ. ತೊಡಕು ಏನೆಂದರೆ, ಅದೇ ರೋಹಿತದಲ್ಲಿ ಇನ್ನೂ ಹಲವು ವಸ್ತುಗಳು ಬರೆಯುತ್ತವೆ. ಕೆಂಪು ಮಣ್ಣಿನ ಕಬ್ಬಿಣದ ಆಕ್ಸೈಡುಗಳು 900 ನ್ಯಾನೋಮೀಟರ್ ಆಸುಪಾಸಿನಲ್ಲಿ ಅಗಲವಾದ ತಗ್ಗನ್ನು ಮಾಡುತ್ತವೆ. ಜೇಡಿ ಖನಿಜಗಳ ಗುರುತು 2,200ರ ಬಳಿ, ಸುಣ್ಣದ ಗುರುತು 2,340ರ ಬಳಿ ಇರುತ್ತದೆ. ಒಣಗಿದ ಕೂಳೆ 2,100ರ ಬಳಿ ಕಾಣಿಸಿಕೊಳ್ಳುತ್ತದೆ. ತೇವಾಂಶ ಇಡೀ ರೋಹಿತವನ್ನೇ ಕೆಳಗೆ ಎಳೆಯುತ್ತದೆ. 1,400 ಮತ್ತು 1,900ರ ಸುತ್ತಲಿನ ಪಟ್ಟಿಗಳನ್ನು ವಾತಾವರಣದ ನೀರಾವಿಯೇ ನುಂಗಿಬಿಡುವುದರಿಂದ ವಿಮಾನಕ್ಕೆ ಅವು ಸಿಗುವುದಿಲ್ಲ.

ಮಣ್ಣಿನಲ್ಲಿ ಸಾವಯವ ವಸ್ತು ಶೇ 2ಕ್ಕಿಂತ ಕಡಿಮೆಯಾದರೆ ಉಳಿದ ಘಟಕಗಳ ಪ್ರಭಾವ ಅದನ್ನು ಮುಚ್ಚಿಹಾಕುತ್ತದೆ ಎಂಬ ಮಾತು ಈ ಕ್ಷೇತ್ರದಲ್ಲಿ ದಶಕಗಳಿಂದ ಇದೆ. ಬೆಲ್ಜಿಯಂ, ಲಕ್ಸೆಂಬರ್ಗ್, ಜರ್ಮನಿಗಳಲ್ಲಿ ವಿಮಾನ ಸಮೀಕ್ಷೆ ಫಲ ಕೊಟ್ಟ ವರದಿಗಳನ್ನು ಓದಿ ಉತ್ಸಾಹಗೊಳ್ಳುವಾಗ ಇದನ್ನು ನೆನಪಿಡಬೇಕು. ಅಲ್ಲಿನ ತಂಪು ಹವೆಯ ಹೊಲಗಳಲ್ಲಿ ಇಂಗಾಲವೂ ಹೆಚ್ಚು, ಹೊಲದಿಂದ ಹೊಲಕ್ಕೆ ಅದರ ಏರಿಳಿತವೂ ಹೆಚ್ಚು. ನಮ್ಮಲ್ಲಿ ಶೇ 0.5 ಇಂಗಾಲವನ್ನು, ಇಂಗಾಲದಿಂದ ಸಾವಯವ ವಸ್ತುವನ್ನು ಲೆಕ್ಕ ಹಾಕುವ ರೂಢಿಯ ಗುಣಕ 1.724ರಿಂದ ಗುಣಿಸಿದರೆ ಸಾವಯವ ವಸ್ತು ಶೇ 0.86. ಎರಡು ಎಂಬ ಆ ಗಡಿಯ ಅರ್ಧಕ್ಕೂ ಬರುವುದಿಲ್ಲ.

ಹಾರಾಟದ ದಿನ ಯಾವುದು

ಮೊದಲ ದೊಡ್ಡ ಚರ್ಚೆ ನಡೆದದ್ದು ಇದರ ಬಗ್ಗೆ. ವಿಮಾನಕ್ಕೆ ಮಣ್ಣು ಕಾಣಬೇಕಾದರೆ ಹೊಲ ಖಾಲಿಯಾಗಿರಬೇಕು, ಒಣಗಿರಬೇಕು, ಆಕಾಶ ಶುಭ್ರವಾಗಿರಬೇಕು. ನಾನು ಮಾರ್ಚ್ ತಿಂಗಳನ್ನು ಸೂಚಿಸಿದ್ದೆ. ಆಗ ಹಿಂಗಾರಿನ ಕಡಲೆ, ಜೋಳ ಕೂಡ ಮನೆ ಸೇರಿರುತ್ತವೆ. ಏಪ್ರಿಲ್ ಹಿಡಿದರೆ ಮುಂಗಾರು ಪೂರ್ವ ಮಳೆ ಬಿದ್ದು ಉಳುಮೆ ಶುರುವಾಗುತ್ತದೆ. ಆದರೆ ವಿಮಾನ ಬೇರೆ ಬೇರೆ ಸಂಸ್ಥೆಗಳ ಬೇರೆ ಬೇರೆ ಕೆಲಸಗಳಿಗೆ ಹಂಚಿಹೋಗಿತ್ತು. ನಮಗೆ ದೊರೆತದ್ದು ಡಿಸೆಂಬರ್ ಕೊನೆಯ ವಾರ.

ಆ ಹೊತ್ತಿಗೆ ಕೆಂಪು ಹೊಲಗಳಲ್ಲಿ ರಾಗಿ ಕೊಯ್ಲು ಮುಗಿದಿತ್ತು. ಕೆಲವರು ಮಾಗಿ ಉಳುಮೆ ಮಾಡಿ ಮುಗಿಸಿದ್ದರು, ಕೆಲವರ ಹೊಲದಲ್ಲಿ ಕೂಳೆ ಹಾಗೆಯೇ ಇತ್ತು. ಎರೆಯ ಹೊಲಗಳಲ್ಲಿ ಹಿಂಗಾರಿನ ಬೆಳೆ ಹಸಿರಾಗಿ ನಿಂತಿತ್ತು. ಮುಂಗಾರಿನ ಬೆಳೆ ತೆಗೆದು ಬಿಟ್ಟವರ ಹೊಲಗಳು ಮಾತ್ರ ಖಾಲಿ. ಹಸಿರು ಇರುವ ಚೌಕಗಳನ್ನು ಸಸ್ಯ ಸೂಚ್ಯಂಕದಿಂದ, ಕೂಳೆ ಇರುವವನ್ನು 2,100 ನ್ಯಾನೋಮೀಟರ್ ಬಳಿಯ ಗುರುತಿನಿಂದ ಹುಡುಕಿ ತೆಗೆದುಹಾಕಿದ ಮೇಲೆ ಉಳಿದದ್ದು ಕೃಷಿ ಭೂಮಿಯ ಅರ್ಧಕ್ಕಿಂತ ಕಡಿಮೆ. ಸಿಕ್ಕಿದ ಅವಕಾಶವನ್ನು ಬಿಡಬೇಕೋ ಬಳಸಬೇಕೋ ಎಂಬ ಪ್ರಶ್ನೆಗೆ ತಂಡ ಬಳಸೋಣ ಎಂದು ಉತ್ತರಿಸಿತು. ಆ ಒಪ್ಪಿಗೆ ಸರಿಯೇ ಆಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಆದರೆ ಅದರೊಂದಿಗೆ ಒಂದು ವಿಷಯ ಆಗಲೇ ನಿಶ್ಚಯವಾಗಿಹೋಗಿತ್ತು: ಖಾಲಿಯಿದ್ದ ಹೊಲಗಳೆಲ್ಲ ಒಂದು ನಿರ್ದಿಷ್ಟ ಬೇಸಾಯ ಕ್ರಮದವು. ನೀರಾವರಿ ಮಾಡಿ ವರ್ಷವಿಡೀ ಬೆಳೆ ಇಡುವವರ, ಅಂದರೆ ಗೊಬ್ಬರ ಹೆಚ್ಚು ಹಾಕುವವರ ಹೊಲಗಳು ನಮ್ಮ ಚಿತ್ರದಲ್ಲಿ ಬಹುತೇಕ ಇರಲೇ ಇಲ್ಲ.

ಹಾರಾಟ ಮುಗಿದ ಕೂಡಲೇ, ಯಾರೂ ಹೊಲ ಉಳುವ ಮೊದಲೇ, ಮಾದರಿ ತೆಗೆದೆವು. ರೂಢಿಯಂತೆ 15 ಸೆಂಟಿಮೀಟರ್ ಆಳದ ಮಾದರಿ ತೆಗೆಯುವುದರ ಜೊತೆಗೆ ಮೇಲಿನ 5 ಸೆಂಟಿಮೀಟರನ್ನು ಬೇರೆಯಾಗಿ ಚೀಲಕ್ಕೆ ಹಾಕಿದೆವು. ಸಂವೇದಕ ನೋಡುವುದು ಮಣ್ಣಿನ ಮೇಲ್ಮೈಯನ್ನು ಮಾತ್ರ; ಮೇಲ್ಮೈ ಇದ್ದಂತೆಯೇ ಕೆಳಗಿನ ಮಣ್ಣೂ ಇದೆ ಎಂಬುದು, ಉತ್ತ ಹೊಲದಲ್ಲಿ ಎರಡೂ ಬೆರೆತಿರುವುದರಿಂದ ಒಪ್ಪುವ ಊಹೆ, ಉಳದ ಹೊಲದಲ್ಲಿ ಅಲ್ಲ. ಪ್ರಯೋಗಾಲಯದಲ್ಲಿ 1934ರಿಂದ ಬಳಕೆಯಲ್ಲಿರುವ ವಾಕ್ಲಿ–ಬ್ಲ್ಯಾಕ್ ವಿಧಾನವನ್ನೇ ಅನುಸರಿಸಿದೆವು. ಪೊಟ್ಯಾಸಿಯಂ ಡೈಕ್ರೊಮೇಟ್ ಮತ್ತು ಗಂಧಕಾಮ್ಲ ಸೇರಿಸಿ, ಉಳಿದ ಡೈಕ್ರೊಮೇಟನ್ನು ಅಳೆದು ಲೆಕ್ಕ ಹಾಕುವ ಈ ಕ್ರಮದಲ್ಲಿ ಇಂಗಾಲದ ಸರಾಸರಿ ಶೇ 77ರಷ್ಟು ಮಾತ್ರ ಉತ್ಕರ್ಷಣೆಗೊಳ್ಳುತ್ತದೆ ಎಂದು ಭಾವಿಸಿ 1.3ರಿಂದ ಗುಣಿಸುತ್ತಾರೆ. ಎಲ್ಲ ಮಣ್ಣಿಗೂ ಆ ಗುಣಕ ಒಂದೇ ಆಗಿರುವುದಿಲ್ಲ.

ಪ್ರಯೋಗಾಲಯದ ಬಗ್ಗೆ ತೆಗೆದುಕೊಂಡ ಒಂದು ತೀರ್ಮಾನ ಮುಂದೆ ನಮ್ಮನ್ನು ಕಾಪಾಡಿತು. ಕೆಲವು ಮಾದರಿಗಳನ್ನು ಬೇರೆ ಬೇರೆ ಸಂಖ್ಯೆ ಬರೆದ ಎರಡೆರಡು ಚೀಲಗಳಲ್ಲಿ ಕಳಿಸಿದ್ದೆವು. ಒಂದೇ ಮಣ್ಣು ಎರಡು ಸಲ ಅಳೆದಾಗ ಎಷ್ಟು ಬೇರೆಯಾಗಿ ಬರುತ್ತದೆ ಎಂಬುದು ಇದರಿಂದ ಗೊತ್ತಾಯಿತು. ರೋಹಿತದಿಂದ ಹಾಕುವ ಯಾವ ಲೆಕ್ಕವೂ ಆ ವ್ಯತ್ಯಾಸಕ್ಕಿಂತ ಸೂಕ್ಷ್ಮವಾಗಿ ಹೇಳಲಾರದು.

ಮೊದಲ ನಕ್ಷೆ

ರೋಹಿತ ಮತ್ತು ಪ್ರಯೋಗಾಲಯದ ಅಂಕಿಗಳನ್ನು ಜೋಡಿಸಲು ತಂಡ ಭಾಗಶಃ ಕನಿಷ್ಠ ವರ್ಗಗಳ ಹಿಂಚಲನ ಎಂಬ ಸಂಖ್ಯಾಶಾಸ್ತ್ರೀಯ ವಿಧಾನವನ್ನು ಬಳಸಿತು. ಒಂದಕ್ಕೊಂದು ಅಂಟಿಕೊಂಡಿರುವ ನೂರಾರು ಪಟ್ಟಿಗಳಿಂದ ಕೆಲವೇ ಸಾರಾಂಶಗಳನ್ನು ಹಿಂಡಿ ತೆಗೆಯುವುದರಿಂದ ಈ ಕೆಲಸಕ್ಕೆ ಅದು ಜನಪ್ರಿಯ. ಮಾದರಿಗಳಲ್ಲಿ ಒಂದು ಪಾಲನ್ನು ಯಾದೃಚ್ಛಿಕವಾಗಿ ಬದಿಗಿಟ್ಟು, ಉಳಿದವುಗಳಿಂದ ಕಲಿಸಿ, ಬದಿಗಿಟ್ಟವುಗಳ ಮೇಲೆ ಪರೀಕ್ಷಿಸಿದರು. ಫಲಿತಾಂಶ ಎಲ್ಲರ ಮುಖ ಅರಳಿಸುವಂತಿತ್ತು.

ನಕ್ಷೆಯೂ ಅಷ್ಟೇ ಸ್ಪಷ್ಟವಾಗಿತ್ತು. ಹಳ್ಳದ ಗುಂಟ ಕಡು ಹಸಿರು, ಅಂದರೆ ಇಂಗಾಲ ಸಮೃದ್ಧಿ; ದಿಣ್ಣೆಗಳ ಮೇಲೆ ತಿಳಿ ಹಳದಿ, ಅಂದರೆ ಬಡತನ. ರೈತ ಉತ್ಪಾದಕರ ಕಂಪನಿಯವರು ಅದನ್ನು ನೋಡಿ ಕಾಂಪೋಸ್ಟಿನ ಸರದಿಯನ್ನು ಹೆಚ್ಚುಕಡಿಮೆ ಬರೆದೇಬಿಟ್ಟರು: ಮೊದಲು ದಿಣ್ಣೆಯ ಹೊಲಗಳು, ಎರೆಯವರಿಗೆ ಸದ್ಯಕ್ಕೆ ಬೇಡ. ಹಣ ನೀಡಿದ ಸಂಸ್ಥೆಗೂ ನಕ್ಷೆ ಹಿಡಿಸಿತು. ಎರೆ ಫಲವತ್ತು ಎಂಬುದು ಎಲ್ಲರೂ ತಲೆಮಾರುಗಳಿಂದ ಕೇಳಿದ ಮಾತು. ನಕ್ಷೆ ಅದನ್ನೇ ಹೇಳಿತು. ಹೀಗಾಗಿ ಯಾರಿಗೂ ಅನುಮಾನ ಬರಲು ಕಾರಣವಿರಲಿಲ್ಲ.

ತಿರುವು

ತಂಡದ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ವರದಿಗಾಗಿ ಪ್ರಯೋಗಾಲಯದ ಅಳತೆಯನ್ನೂ ನಮ್ಮ ಅಂದಾಜನ್ನೂ ಹೋಲಿಸುವ ಬಿಂದುಚಿತ್ರ ತಯಾರಿಸುವಾಗ ಬಿಂದುಗಳಿಗೆ ಎರಡು ಬಣ್ಣ ಕೊಟ್ಟರು: ಕೆಂಪು ಮಣ್ಣಿನವಕ್ಕೆ ಕೆಂಪು, ಎರೆಯವಕ್ಕೆ ಕಪ್ಪು. ಅಷ್ಟೇ ಮಾಡಿದ್ದು. ಅಲ್ಲಿಯವರೆಗೆ ಒಂದು ಸುಂದರ ಓರೆ ಗೆರೆಯ ಗುಂಟ ಸಾಲಾಗಿದ್ದ ಬಿಂದುಗಳು ಎರಡು ಗುಂಪುಗಳಾಗಿ ಒಡೆದವು. ಕೆಳಗಿನ ಎಡ ಮೂಲೆಯಲ್ಲಿ ಕೆಂಪು ಗುಂಪು, ಮೇಲಿನ ಬಲ ಮೂಲೆಯಲ್ಲಿ ಕಪ್ಪು ಗುಂಪು. ಗೆರೆ ಆ ಎರಡು ಗುಂಪುಗಳ ನಡುಬಿಂದುಗಳನ್ನು ಸೇರಿಸಿತ್ತು. ಕಪ್ಪು ಗುಂಪಿನ ಒಳಗೆ ನೋಡಿದರೆ ಅಂದಾಜಿಗೂ ಅಳತೆಗೂ ಸಂಬಂಧವೇ ಇಲ್ಲ. ಕೆಂಪು ಗುಂಪಿನ ಒಳಗೆ ಸ್ವಲ್ಪ ಇತ್ತು, ನಕ್ಷೆ ತೋರಿಸಿದಷ್ಟು ಖಂಡಿತ ಇರಲಿಲ್ಲ.

ಆಗಿದ್ದು ಇಷ್ಟು. ಆ ಜಲಾನಯನದಲ್ಲಿ ಎರೆಯ ಸರಾಸರಿ ಇಂಗಾಲ ಕೆಂಪು ಮಣ್ಣಿಗಿಂತ ತುಸು ಹೆಚ್ಚು. ಜೇಡಿ ಹೆಚ್ಚಿರುವ ಮಣ್ಣು ಸಾವಯವ ವಸ್ತುವನ್ನು ಬಿಗಿಹಿಡಿದುಕೊಳ್ಳುವುದರಿಂದ ಅದು ಸಹಜ. ಲೆಕ್ಕದ ಯಂತ್ರಕ್ಕೆ ಇಂಗಾಲವನ್ನು ಹುಡುಕುವ ಕಷ್ಟ ಬೇಕಿರಲಿಲ್ಲ. ಕಬ್ಬಿಣದ ಕೆಂಪು ಇದೆಯೇ, 2,200ರ ಬಳಿ ಜೇಡಿಯ ಗುರುತು ಆಳವಾಗಿದೆಯೇ ಎಂದು ನೋಡಿ, ಇದು ಎರೆ, ಇದು ಕೆಂಪು ಎಂದು ಗುರುತಿಸಿದರೆ ಸರಾಸರಿಯಲ್ಲಿ ಉತ್ತರ ಸರಿಯೇ ಬರುತ್ತಿತ್ತು. ಯಾದೃಚ್ಛಿಕವಾಗಿ ಬದಿಗಿಟ್ಟ ಮಾದರಿಗಳಲ್ಲಿ ಎರಡೂ ಮಣ್ಣು ಇದ್ದುದರಿಂದ ಪರೀಕ್ಷೆಯೂ ಅದನ್ನು ಹಿಡಿಯಲಿಲ್ಲ. ನಾವು ಕೈಯಲ್ಲಿ ಹಿಡಿದಿದ್ದದ್ದು ಮಣ್ಣಿನ ಬಗೆಯ ನಕ್ಷೆ. ಅದಕ್ಕೆ ವಿಮಾನವೇ ಬೇಕಿರಲಿಲ್ಲ, ಊರಿನ ಯಾವ ಮಗುವಾದರೂ ಎರೆ ಎಲ್ಲಿಂದ ಎಲ್ಲಿಯವರೆಗೆ ಎಂದು ತೋರಿಸುತ್ತದೆ.

ಎರೆಯ ಕಪ್ಪಿನ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು, ಏಕೆಂದರೆ ಈ ಪ್ರಕರಣದ ತಿರುಳು ಅದರಲ್ಲೇ ಇದೆ. ದಖ್ಖನ್‌ನ ಕಪ್ಪು ಮಣ್ಣು ಅಷ್ಟು ಕಪ್ಪಾಗಿದ್ದರೂ ಅದರಲ್ಲಿ ಸಾವಯವ ವಸ್ತು ಸಾಮಾನ್ಯವಾಗಿ ಕಡಿಮೆಯೇ. ಸ್ಮೆಕ್ಟೈಟ್ ಜಾತಿಯ ಜೇಡಿಯೊಡನೆ ಬಿಗಿಯಾಗಿ ಬೆಸೆದುಕೊಂಡ ಅಲ್ಪ ಪ್ರಮಾಣದ ಹ್ಯೂಮಸ್ಸೇ ಇಡೀ ಮಣ್ಣಿಗೆ ಆ ಬಣ್ಣ ಕೊಡಬಲ್ಲದು; ಗಾಢ ಬಣ್ಣದ ಖನಿಜಗಳ ಪಾಲೂ ಇರಬಹುದು. ಹೀಗಾಗಿ ಎರಡು ಎರೆ ಹೊಲಗಳಲ್ಲಿ ಯಾವುದು ಹೆಚ್ಚು ಕಪ್ಪೋ ಅದರಲ್ಲಿ ಇಂಗಾಲ ಹೆಚ್ಚು ಎನ್ನಲಾಗದು. ಉತ್ತರದ ದೇಶಗಳ ಕಪ್ಪು ಮಣ್ಣಿನ ಬಗ್ಗೆ ಬರೆದದ್ದನ್ನು ನಮ್ಮ ಎರೆಗೆ ಅನ್ವಯಿಸುವವರು ಇದನ್ನು ಮತ್ತೆ ಮತ್ತೆ ಮರೆಯುತ್ತಾರೆ.

ಪ್ರಯೋಗಾಲಯದ ಪಟ್ಟಿಯನ್ನು ಹೊಸ ಕಣ್ಣಿನಿಂದ ಓದಿದಾಗ ಇನ್ನೊಂದು ಸಂಗತಿ ಎದ್ದು ಕಂಡಿತು. ಎರೆಯ ಹಲವು ಹೊಲಗಳ ಅಳತೆ ಶೇ 0.5ಕ್ಕಿಂತ ಕೆಳಗಿತ್ತು. ಎರೆಗೆ ಕಾಂಪೋಸ್ಟ್ ಬೇಡ ಎಂದು ಬರೆದಿದ್ದ ಸರದಿ ಜಾರಿಯಾಗಿದ್ದರೆ ಅವರು ಪಟ್ಟಿಯ ಕೊನೆಗೆ ಹೋಗುತ್ತಿದ್ದರು.

ಕೆಂಪು ಹೊಲಗಳ ಕಪ್ಪು ಕಲೆಗಳು

ಇಷ್ಟಾದ ಮೇಲೆ ನಕ್ಷೆಯನ್ನು ಹಿಡಿದು ಹೊಲಗಳಿಗೇ ಹೋಗುವುದು ಎಂದಾಯಿತು. ಕೆಂಪು ಮಣ್ಣಿನ ನಡುವೆ ‘ಇಂಗಾಲ ಹೆಚ್ಚು’ ಎಂದು ನಕ್ಷೆ ತೋರಿಸಿದ ಕೆಲವು ಹೊಲಗಳನ್ನು ಆರಿಸಿಕೊಂಡು ಅವುಗಳ ಒಡೆಯರೊಡನೆ ಕುಳಿತು ಹೊಲದ ಇತಿಹಾಸ ಬರೆದುಕೊಂಡೆವು. ಈ ಪ್ರಕರಣದಲ್ಲಿ ನಾನು ಕಲಿತದ್ದರ ಬಹುಪಾಲು ಈ ಕೂಟಗಳಿಂದಲೇ ಬಂತು.

ಒಂದು ಹೊಲಕ್ಕೆ ಅದರ ಯಜಮಾನರು ಎರಡು ವರ್ಷದ ಹಿಂದೆ ಕೆರೆಗೋಡು ಹೊಡೆಸಿದ್ದರು. ಕೆರೆ ಹೂಳೆತ್ತಿದಾಗ ಟ್ರ್ಯಾಕ್ಟರ್‌ಗಟ್ಟಲೆ ಕಪ್ಪು ಗೋಡು ತಂದು ಹರಡಿದ್ದರಿಂದ ಮೇಲ್ಮೈ ಬಣ್ಣ ಬದಲಾಗಿತ್ತು. ಗೋಡಿನಿಂದ ಆ ಮರಳು ಮಣ್ಣಿನ ನೀರು ಹಿಡಿಯುವ ಶಕ್ತಿ ಹೆಚ್ಚಿತ್ತು, ಅದಕ್ಕಾಗಿಯೇ ಅವರು ಹಾಕಿಸಿದ್ದು. ಆದರೆ ಆ ಕೆರೆಯ ಗೋಡು ಬಹುಪಾಲು ಕೊಚ್ಚಿಬಂದ ಜೇಡಿ. ಇಂಗಾಲದ ಅಳತೆ ನೆರೆಯ ಹೊಲಕ್ಕಿಂತ ಹೆಚ್ಚೇನೂ ಇರಲಿಲ್ಲ.

ಇನ್ನೊಂದು ಹೊಲದಲ್ಲಿ ಹಾರಾಟದ ಹಿಂದಿನ ಸಂಜೆ ತುಂತುರು ನೀರಾವರಿ ಓಡಿತ್ತು. ಈರುಳ್ಳಿ ನಾಟಿಗೆ ನೆಲ ಹದಮಾಡುತ್ತಿದ್ದರು. ನಕ್ಷೆ ಕಂಡದ್ದು ತೇವವನ್ನು.

ಮೂರನೆಯದು ಮಾತ್ರ ನಿಜವಾಗಿಯೂ ಇಂಗಾಲ ಹೆಚ್ಚಿದ್ದ ಹೊಲ. ಆ ಜಮೀನನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಮಹಿಳೆ ಪ್ರತಿ ಬೇಸಿಗೆಯಲ್ಲೂ ವಲಸೆ ಬರುವ ಕುರಿಗಾಹಿಗಳನ್ನು ಕರೆದು, ಹಿಕ್ಕೆಯ ಗೊಬ್ಬರಕ್ಕಾಗಿ ಹೊಲದಲ್ಲಿ ಮಂದೆ ಕೂರಿಸುತ್ತಿದ್ದರು. “ಎಷ್ಟು ವರ್ಷಗಳಿಂದ ಅಮ್ಮಾ?” ಎಂದು ಕೇಳಿದಾಗ “ನಮ್ಮ ಮಾವನವರ ಕಾಲದಿಂದ” ಎಂದರು. ದುಡ್ಡಿನ ಬದಲು ಕುರಿಗಾಹಿಗಳಿಗೆ ರಾಗಿ ಕೊಡುತ್ತಿದ್ದರಂತೆ. ಅವರ ಹೊಲದ ಮೂರು ಕಡೆ ತೆಗೆದ ಮಾದರಿಗಳೂ ‘ಹೆಚ್ಚು’ ವರ್ಗದಲ್ಲೇ ಬಂದವು. ಒಂದೇ ಬದು, ಒಂದೇ ಮಣ್ಣು, ಒಂದೇ ಮಳೆ, ಆಚೆಯ ಹೊಲ ‘ಕಡಿಮೆ’. ಹತ್ತು ಹೆಕ್ಟೇರಿಗೆ ಒಂದು ಮಾದರಿಯ ಲೆಕ್ಕದಲ್ಲಿ ಈ ಕುಟುಂಬದ ದುಡಿಮೆ ಎಲ್ಲಿಯೂ ದಾಖಲಾಗಿರಲಿಲ್ಲ. ವಿಮಾನ ಅದನ್ನು ಕಂಡಿತ್ತು. ಇಡೀ ಪ್ರಯತ್ನ ವ್ಯರ್ಥವಲ್ಲ ಎಂಬ ಭರವಸೆ ನಮಗೆ ಬಂದದ್ದು ಆ ಹೊಲದಿಂದ.

ತೀರ್ಮಾನಗಳು

ಮುಂದೇನು ಎಂಬ ಬಗ್ಗೆ ತಂಡದಲ್ಲಿ ಒಮ್ಮತ ಇರಲಿಲ್ಲ. ಇನ್ನಷ್ಟು ಮಾದರಿ ಸೇರಿಸಿ ಇನ್ನಷ್ಟು ಬಲಿಷ್ಠ ಲೆಕ್ಕದ ವಿಧಾನ ಬಳಸಿದರೆ ಸರಿಹೋಗುತ್ತದೆ ಎಂಬುದು ಒಂದು ಪಕ್ಷ. ಯಂತ್ರ ಕಲಿಕೆಯ ಹೊಸ ವಿಧಾನಗಳನ್ನು ಹಾಕಿ ನೋಡಿದ್ದೂ ಆಯಿತು. ಒಟ್ಟಾರೆ ಅಂಕ ಏರಿತು, ಮಣ್ಣಿನ ಬಗೆಯ ಒಳಗಿನ ಹೊಂದಾಣಿಕೆ ಏರಲಿಲ್ಲ. ಅದೇ ಅಡ್ಡದಾರಿಯನ್ನು ಅವು ಇನ್ನೂ ಚೆನ್ನಾಗಿ ಕಲಿತಿದ್ದವು.

ತಂಡದ ಮುಖ್ಯಸ್ಥರು ಕೊನೆಗೆ ಒಂದು ನಿಯಮ ಹಾಕಿದರು, ಅದನ್ನು ಎಲ್ಲರೂ ಒಪ್ಪಿದೆವು. ಯಾವುದೇ ಲೆಕ್ಕದ ಗುಣಮಟ್ಟವನ್ನು ಒಂದೇ ಬಗೆಯ ಮಣ್ಣಿನ ಒಳಗೆ ಮಾತ್ರ ಅಳೆಯಬೇಕು. ಪರೀಕ್ಷೆಗೆ ಬದಿಗಿಡುವಾಗ ಬಿಡಿ ಮಾದರಿಗಳನ್ನಲ್ಲ, ಇಡೀ ಊರನ್ನೇ ಬದಿಗಿಡಬೇಕು. ಎರಡನೆಯದಕ್ಕೂ ಕಾರಣವಿದೆ. ಅಕ್ಕಪಕ್ಕದ ಮಾದರಿಗಳು ಒಂದನ್ನೊಂದು ಹೋಲುವುದರಿಂದ, ಪಕ್ಕದ ಹೊಲವನ್ನು ನೋಡಿ ಕಲಿತವನಿಗೆ ಈ ಹೊಲದ ಪರೀಕ್ಷೆ ಸುಲಭವಾಗುತ್ತದೆ.

ಮಣ್ಣಿನ ಬಗೆಗಳನ್ನು ಬೇರ್ಪಡಿಸಲು ನಮಗೆ ಒಳ್ಳೆಯ ಆಧಾರ ಸಿಕ್ಕಿತು. ಸುಜಲಾ-3 ಎಂಬ ಜಲಾನಯನ ಅಭಿವೃದ್ಧಿ ಯೋಜನೆಯಡಿ ರಾಜ್ಯದ ಹಲವು ಜಲಾನಯನಗಳಲ್ಲಿ 1:7,920 ಪ್ರಮಾಣದ ಸರ್ವೆ ನಕ್ಷೆಗಳ ಮೇಲೆ, ಗುಂಡಿ ತೋಡಿ ಮಣ್ಣಿನ ಪದರಗಳನ್ನು ನೋಡಿ, ಭೂ ಸಂಪನ್ಮೂಲ ಸಮೀಕ್ಷೆ ಮಾಡಲಾಗಿದೆ. ಸರ್ವೆ ನಂಬರ್ ಮಟ್ಟದಲ್ಲಿ ಮಣ್ಣಿನ ಆಳ, ಗರಸು, ಜೇಡಿಯ ವಿವರ ಕೊಡುವ ಈ ದಾಖಲೆಗಳು ಕರ್ನಾಟಕದ ದೊಡ್ಡ ಆಸ್ತಿ. ದುಬಾರಿ ವಿಮಾನಕ್ಕೆ ಹಣ ಹುಡುಕುವ ಮುನ್ನ ಇವುಗಳನ್ನು ತೆರೆದು ನೋಡುವವರು ಕಡಿಮೆ ಎಂಬುದು ನನಗೆ ನೋವಿನ ಸಂಗತಿ.

ಬೇರ್ಪಡಿಸಿ ಲೆಕ್ಕ ಹಾಕಿದಾಗ ಎರೆಯಲ್ಲಿ ಕೈಚೆಲ್ಲಬೇಕಾಯಿತು. ಹೊಲದಿಂದ ಹೊಲಕ್ಕೆ ಇದ್ದ ವ್ಯತ್ಯಾಸ, ಒಂದೇ ಮಣ್ಣನ್ನು ಎರಡು ಸಲ ಅಳೆದಾಗ ಪ್ರಯೋಗಾಲಯದಲ್ಲಿ ಬಂದ ವ್ಯತ್ಯಾಸಕ್ಕಿಂತ ಬಹಳ ದೊಡ್ಡದಾಗಿರಲಿಲ್ಲ. ಆ ಎರಡು ಚೀಲಗಳ ಉಪಾಯ ಮಾಡಿರದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. ಕೆಂಪು ಮಣ್ಣಿನಲ್ಲಿ, ಗೋಡು ಹಾಕಿದ ಮತ್ತು ಒದ್ದೆಯಿದ್ದ ಹೊಲಗಳನ್ನು ತೆಗೆದ ಮೇಲೆ, ಸಾಧಾರಣ ಮಟ್ಟದ ಹೊಂದಾಣಿಕೆ ಉಳಿಯಿತು. ದಶಮಾಂಶದ ಅಂಕಿ ಕೊಡಲು ಅದು ಸಾಲದು. ‘ಬಹುಶಃ ಕಡಿಮೆ’, ‘ಬಹುಶಃ ಹೆಚ್ಚು’, ‘ಹೇಳಲಾಗದು’ ಎಂದು ವಿಂಗಡಿಸಲು ಸಾಕು.

ಹೊಸ ನಕ್ಷೆಯಲ್ಲಿ ಎರೆ ಪೂರ್ತಿ ಬೂದು, ಅಂದರೆ ‘ಹೇಳಲಾಗದು’. ಬೆಳೆಯಿದ್ದ ಹೊಲಗಳೂ ಬೂದು. ರೈತ ಉತ್ಪಾದಕರ ಕಂಪನಿಯ ಅಧ್ಯಕ್ಷರು ಅದನ್ನು ನೋಡಿ ಬೇಸರದಿಂದಲೇ ಕೇಳಿದರು: “ಮುಕ್ಕಾಲು ಪಾಲು ಬೂದು ಬಣ್ಣ ತೋರಿಸಿ ಸದಸ್ಯರಿಗೆ ಏನೆಂದು ಹೇಳಲಿ ಸರ್?” ಹಣ ನೀಡಿದ ಸಂಸ್ಥೆಯೂ ಮೊದಲ ನಕ್ಷೆಯನ್ನೇ ಪ್ರಕಟಿಸಬಹುದಲ್ಲ ಎಂದು ಸೂಚಿಸಿತು. ಮುಖ್ಯಸ್ಥರು ಒಪ್ಪಲಿಲ್ಲ. ಗೊತ್ತಿಲ್ಲದ ಕಡೆ ಬಣ್ಣ ತುಂಬಿದರೆ ಅದನ್ನು ನಂಬಿ ಒಬ್ಬರ ಹೊಲಕ್ಕೆ ಗೊಬ್ಬರ ತಪ್ಪುತ್ತದೆ ಎಂಬ ಅವರ ಒಂದೇ ಉತ್ತರ ಚರ್ಚೆಯನ್ನು ಮುಗಿಸಿತು.

ಬೂದು ಭಾಗವನ್ನು ಕಿರಿದಾಗಿಸಲು ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳನ್ನು ಬಳಸಿದೆವು. ಎರಡು ಉಪಗ್ರಹಗಳು ಸೇರಿ ಐದು ದಿನಕ್ಕೊಮ್ಮೆ ಒಂದೇ ಜಾಗವನ್ನು ನೋಡುವುದರಿಂದ ವರ್ಷದಲ್ಲಿ ಯಾವಾಗಲಾದರೂ ಹೊಲ ಖಾಲಿಯಾದ ಕ್ಷಣ ಸಿಗುತ್ತದೆ, ಚಿತ್ರಗಳು ಉಚಿತ. ಆದರೆ ಅದರ ಪಟ್ಟಿಗಳು ಅಗಲ. ಕಿರುತರಂಗ ಅವಕೆಂಪಿನಲ್ಲಿ 1,610 ಮತ್ತು 2,190 ನ್ಯಾನೋಮೀಟರ್ ಸುತ್ತಲಿನ ಎರಡೇ ಪಟ್ಟಿಗಳು ನೆಲ ನೋಡಲು ಒದಗುತ್ತವೆ. ಕೂಳೆಯನ್ನೂ ಜೇಡಿಯನ್ನೂ ಬಿಡಿಸಿ ಹೇಳುವ ಶಕ್ತಿ ಅವಕ್ಕಿಲ್ಲ. ಯಾವ ಹೊಲ ಯಾವಾಗ ಖಾಲಿ ಎಂಬುದನ್ನು ತಿಳಿಯಲು ಅವು ಬಹಳ ನೆರವಾದವು, ಇಂಗಾಲವನ್ನು ತಿಳಿಯಲು ಅಷ್ಟಾಗಿ ಅಲ್ಲ.

ಕೊನೆಗೆ ನಕ್ಷೆಗೆ ಸಿಕ್ಕಿದ ಉದ್ಯೋಗವೇ ಬೇರೆ. ಮಣ್ಣು ಪರೀಕ್ಷೆಗೆ ಕಂಪನಿಯ ಬಳಿ ಇದ್ದ ಹಣದಲ್ಲಿ ಎಷ್ಟು ಮಾದರಿ ಸಾಧ್ಯವೋ ಅಷ್ಟನ್ನು ಎಲ್ಲಿಂದ ತೆಗೆಯಬೇಕು ಎಂದು ನಿರ್ಧರಿಸಲು ಅದನ್ನು ಬಳಸಿದೆವು. ಕೆಂಪು ಮಣ್ಣಿನಲ್ಲಿ ನಕ್ಷೆಯ ಪ್ರತಿ ವರ್ಗದಿಂದಲೂ ಹೊಲಗಳನ್ನು ಆರಿಸಿದೆವು. ಎರೆಯಲ್ಲಿ ನಕ್ಷೆ ಬಿಟ್ಟು ಹೊಲದ ಇತಿಹಾಸವನ್ನು ಹಿಡಿದೆವು: ಕೊಟ್ಟಿಗೆ ಗೊಬ್ಬರ ಕೊನೆಯ ಸಲ ಹಾಕಿದ್ದು ಯಾವಾಗ, ದನಗಳು ಎಷ್ಟು, ಮಂದೆ ಕೂರಿಸುತ್ತಾರೆಯೇ, ಹತ್ತಿ ಕಡ್ಡಿಯನ್ನು ಸುಡುತ್ತಾರೆಯೇ. ದನಗಳನ್ನು ಮಾರಿದ ಮನೆಗಳ ಹೊಲಗಳು ಎರಡೂ ಮಣ್ಣಿನಲ್ಲಿ ಪಟ್ಟಿಯ ಕೆಳಭಾಗದಲ್ಲಿ ಕಂಡವು. ಮೊದಲ ವರ್ಷದ ಕಾಂಪೋಸ್ಟ್ ಪ್ರಯೋಗಾಲಯದ ಅಳತೆಯಲ್ಲಿ ‘ಕಡಿಮೆ’ ಬಂದ ಹೊಲಗಳಿಗೇ ಹೋಯಿತು, ಅವುಗಳಲ್ಲಿ ಎರೆಯ ಹೊಲಗಳೂ ಇದ್ದವು. ಇಂಗಾಲ ನಿಧಾನವಾಗಿ ಕೂಡುವ ವಸ್ತು. ಒಂದೆರಡು ವರ್ಷದಲ್ಲಿ ಅದರ ಏರಿಕೆ ತೋರಿಸಿ ಯಶಸ್ಸು ಎನ್ನಲು ಬರುವುದಿಲ್ಲ, ನಾವು ಹಾಗೆ ಹೇಳಿಯೂ ಇಲ್ಲ.

ಕಾರ್ಬನ್ ಕ್ರೆಡಿಟ್ ವಿಚಾರ

ಇಷ್ಟರಲ್ಲಿ ನಕ್ಷೆಯ ಸುದ್ದಿ ಹಬ್ಬಿ, ಕಾರ್ಬನ್ ಕ್ರೆಡಿಟ್ (ಇಲ್ಲಿ, ಮಣ್ಣಿನಲ್ಲಿ ಕೂಡಿಟ್ಟ ಇಂಗಾಲದ ಲೆಕ್ಕವನ್ನು ಮಾರುವ) ವ್ಯವಹಾರದ ಸಂಸ್ಥೆಯೊಂದು ಮುಂದೆ ಬಂತು. ಈಗಿನ ನಕ್ಷೆಯನ್ನು ಮೂಲಮಟ್ಟವಾಗಿ ಇಟ್ಟುಕೊಂಡು, ಕೆಲವು ವರ್ಷದ ನಂತರ ಮತ್ತೆ ವಿಮಾನ ಹಾರಿಸಿ, ನಡುವಿನ ಏರಿಕೆಗೆ ರೈತರಿಗೆ ಹಣ ಕೊಡಿಸುವುದು ಅದರ ಪ್ರಸ್ತಾವ. ಸದಸ್ಯರಲ್ಲಿ ಹಲವರಿಗೆ ಅದು ಆಕರ್ಷಕವಾಗಿ ಕಂಡಿತು. ನಿರ್ದೇಶಕ ಮಂಡಳಿಯ ಮುಂದೆ ನಾವು ಹಲಗೆಯ ಮೇಲೆ ಒಂದು ಲೆಕ್ಕ ಬರೆದೆವು.

ಒಂದು ಹೆಕ್ಟೇರ್, 30 ಸೆಂಟಿಮೀಟರ್ ಆಳ: 3,000 ಘನ ಮೀಟರ್ ಮಣ್ಣು. ಘನ ಮೀಟರಿಗೆ 1.4 ಟನ್ ಎಂದಿಟ್ಟುಕೊಂಡರೆ 4,200 ಟನ್. ಇಂಗಾಲ ಶೇ 0.5 ಆದರೆ 21 ಟನ್. ಆ ಮಣ್ಣಿನ ಗಾತ್ರದಲ್ಲಿ ಶೇ 30ರಷ್ಟು ಗರಸಿದ್ದರೆ 15 ಟನ್ನಿಗಿಂತಲೂ ಕಡಿಮೆ. ಗರಸಿನ ಪಾಲನ್ನಾಗಲಿ ಮಣ್ಣಿನ ಸಾಂದ್ರತೆಯನ್ನಾಗಲಿ 30 ಸೆಂಟಿಮೀಟರ್ ಆಳದವರೆಗೆ ವಿಮಾನ ನೋಡಲಾರದು. ಶೇಕಡಾವಾರು ಅಂದಾಜಿನಲ್ಲಿ 0.1ರಷ್ಟು ಮಾತ್ರ ತಪ್ಪಿದರೂ, ನಮ್ಮ ಲೆಕ್ಕ ಅದಕ್ಕಿಂತ ಒರಟು, ಹೆಕ್ಟೇರಿಗೆ 4.2 ಟನ್ ಅತ್ತಿತ್ತ. 2015ರ ಪ್ಯಾರಿಸ್ ಹವಾಮಾನ ಸಮ್ಮೇಳನದಲ್ಲಿ ಫ್ರಾನ್ಸ್ ಮುಂದಿಟ್ಟ ‘ಸಾವಿರಕ್ಕೆ ನಾಲ್ಕು’ ಗುರಿಯಂತೆ ವರ್ಷಕ್ಕೆ ಶೇ 0.4ರಷ್ಟು ಏರಿಕೆ ಸಾಧಿಸಿದರೂ 21 ಟನ್ನಿಗೆ ಅದು 84 ಕಿಲೋ. ನಾಲ್ಕು ಟನ್ನಿನ ಅನಿಶ್ಚಿತತೆಯೊಳಗೆ 84 ಕಿಲೋವನ್ನು ಹುಡುಕಿ ಅದಕ್ಕೆ ಬೆಲೆ ಕಟ್ಟಬೇಕು. ಏರಿಕೆ ಇದ್ದರೂ ಇಲ್ಲವೆಂದು ತೋರಬಹುದು, ಆಗ ರೈತನಿಗೆ ಹಣವಿಲ್ಲ. ಇಲ್ಲದಿದ್ದರೂ ಇದೆಯೆಂದು ತೋರಬಹುದು, ಆಗ ಕೊಂಡವನಿಗೆ ಮೋಸ.

ಮಂಡಳಿಯ ಸದಸ್ಯರು ಕಾಗದಕ್ಕೆ ಸಹಿ ಹಾಕಲಿಲ್ಲ. ಆದರೆ ಬಾಗಿಲು ಮುಚ್ಚಲೂ ಇಲ್ಲ. ಕೆಲವು ಹೊಲಗಳಲ್ಲಿ 30 ಸೆಂಟಿಮೀಟರ್ ಆಳದವರೆಗೆ ಸಾಂದ್ರತೆ ಮತ್ತು ಗರಸು ಸಮೇತ ಅಳೆದು, ಜಾಗವನ್ನು ಜಿಪಿಎಸ್‌ನಲ್ಲಿ ಗುರುತು ಮಾಡಿ, ಮಾದರಿಯ ಒಂದು ಪಾಲನ್ನು ಒಣಗಿಸಿ ಡಬ್ಬದಲ್ಲಿ ಇಟ್ಟಿದ್ದೇವೆ. ಐದಾರು ವರ್ಷದ ನಂತರ ಅದೇ ಜಾಗದ ಹೊಸ ಮಣ್ಣನ್ನೂ ಈ ಹಳೆಯ ಮಣ್ಣನ್ನೂ ಒಂದೇ ದಿನ, ಒಂದೇ ಪ್ರಯೋಗಾಲಯದಲ್ಲಿ ಅಳೆಯುವುದು ಉದ್ದೇಶ. ಕುರಿಮಂದೆ ಕೂರಿಸುವ ಆ ತಾಯಿಯ ಹೊಲವೂ ಅದರ ಆಚೆಯ ಹೊಲವೂ ಆ ಪಟ್ಟಿಯಲ್ಲಿವೆ. ಆಚೆಯ ಹೊಲದವರು ಈ ಬೇಸಿಗೆಯಿಂದ ಮಂದೆ ಕೂರಿಸಲು ಕುರಿಗಾಹಿಗಳೊಡನೆ ಮಾತಾಡಿದ್ದಾರೆ.